ಮದರ್‌ಬೋರ್ಡ್ ಉಳಿಸಿಕೊಂಡೇ ಪಿಸಿ ಹೊಸದು ಮಾಡಿದೆ

ನಾನು ಯಕ್ಷಗಾನದ ವಿಡಿಯೋ ಎಡಿಟ್ ಮಾಡುತ್ತೇನೆ. ನವೆಂಬರ್‌ನಿಂದ ಮೇ ತನಕ ಕರಾವಳಿಯ ಮೇಳಗಳು ತಿರುಗಾಟದಲ್ಲಿರುತ್ತವೆ, ನನಗೂ ಆಗಲೇ ಕೆಲಸ. ಈಗ ಕಾಲಮಿತಿ ಆಟಗಳೇ ಜಾಸ್ತಿ. ಆದರೂ ನಾಲ್ಕು ಗಂಟೆಗೆ ಕಡಿಮೆ ಇಲ್ಲ. ಎರಡು ಕ್ಯಾಮೆರಾ, ಎರಡರಲ್ಲೂ 4ಕೆ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಒಂದು ಕ್ಯಾಮೆರಾದಿಂದಲೇ ಗಂಟೆಗೆ 45 ಜಿಬಿ ಬರುತ್ತದೆ. ಒಂದು ಆಟ ಮುಗಿಯುವಾಗ 360 ಜಿಬಿ ಕೈಯಲ್ಲಿರುತ್ತದೆ. ಇದೇ ಪಿಸಿಯಲ್ಲಿ ನನ್ನ ತಮ್ಮ ಗೇಮ್ ಆಡುತ್ತಾನೆ.

ಪಿಸಿಯಲ್ಲಿ ಇದ್ದದ್ದು ಇಷ್ಟು: ರೈಜನ್ 5 1600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ್‍ಯಾಮ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, ವಿಂಡೋಸ್‌ಗೆ 240 ಜಿಬಿ ಎಸ್‌ಎಸ್‌ಡಿ, ವಿಡಿಯೋಗಳಿಗೆ 4 ಟಿಬಿ ಹಾರ್ಡ್‌ಡಿಸ್ಕ್. ಇದನ್ನು ಮಾರಿ ಹೊಸ ಸೆಟ್ ತಗೊಳ್ಳಿ ಎಂದವರೇ ಹೆಚ್ಚು. ರೈಜನ್‌ನ ಹೊಸ ತಲೆಮಾರಿನ ಎಎಂ5 ಸೆಟ್ ಅಂದರೆ ಪ್ರೊಸೆಸರ್ ಜೊತೆ ಬೋರ್ಡೂ ಬೇಕು, ಡಿಡಿಆರ್5 ರ್‍ಯಾಮೂ ಬೇಕು. ನನ್ನ ಹತ್ತಿರ ಇದ್ದದ್ದು 45 ಸಾವಿರದ ಆಸುಪಾಸು. ಬೋರ್ಡ್‌ಗೆ ದುಡ್ಡು ಹೋದರೆ ಗ್ರಾಫಿಕ್ಸ್ ಕಾರ್ಡ್‌ಗೆ ಉಳಿಯುವುದಿಲ್ಲ. ನನ್ನ ಬೋರ್ಡ್‌ನ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಎಎಂ4. 2017ರ ಮೊದಲ ರೈಜನ್ ಕೂತಿದ್ದ ಬೋರ್ಡ್‌ನಲ್ಲೇ, ಬಯಾಸ್ (ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ, ರೈಜನ್ 5000 ಸಾಲಿನ ಪ್ರೊಸೆಸರ್ ಕೂರುತ್ತದೆ. ಇಂಥ ಅನುಕೂಲ ಇರುವಾಗ ಬೋರ್ಡ್ ಬಿಸಾಡುವುದು ನನಗೆ ಸರಿ ಕಾಣಲಿಲ್ಲ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಎಂದಿನ ಕೆಲಸ ಮಾಡಿದೆ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ. ನಾನು ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನಲ್ಲಿ ಎರಡೂ ಕ್ಯಾಮೆರಾಗಳ ವಿಡಿಯೋ ಒಟ್ಟಿಗೆ ಓಡಿಸಿದರೆ ರ್‍ಯಾಮ್ ತುಂಬಿಬಿಡುತ್ತಿತ್ತು, ಹಾರ್ಡ್‌ಡಿಸ್ಕ್ ನೂರಕ್ಕೆ ನೂರು. ಬಣ್ಣ ಸರಿ ಮಾಡಲು ಹೋದರೆ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಮೆಮೊರಿ ತುಂಬಿದೆ ಎಂಬ ಸಂದೇಶ. ತಮ್ಮನ ಗೇಮ್‌ಗಳಲ್ಲಿ ಕಾರ್ಡ್ ಶೇಕಡಾ 99ರಲ್ಲಿ ಕೂತಿರುತ್ತಿತ್ತು, ಆದರೆ ವ್ಯಾಲರೆಂಟ್‌ನಂಥ ಹಗುರ ಗೇಮ್‌ನಲ್ಲಿ ತಡೆ ಪ್ರೊಸೆಸರ್‌ನದು. ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು ಎಂದು ಪಿಸಿಯೇ ಹೇಳುತ್ತದೆ, ನೋಡಬೇಕು ಅಷ್ಟೆ.

ಮೊದಲು ಎಸ್‌ಎಸ್‌ಡಿ ಮತ್ತು ರ್‍ಯಾಮ್. 1 ಟಿಬಿಯ ಎನ್‌ವಿಎಂಇ (ಬೋರ್ಡ್‌ಗೇ ನೇರ ಕೂರುವ, ವೇಗದ) ಎಸ್‌ಎಸ್‌ಡಿ ಹಾಕಿದೆ. ಬಿ450ರಲ್ಲಿ ಆ ಸ್ಲಾಟ್‌ನ ಪಿಸಿಐಇ (ಡೇಟಾ ಓಡಾಡುವ ದಾರಿ) 3.0 ಮಾತ್ರ. ಹಾಗಾಗಿ ದುಬಾರಿ ಪಿಸಿಐಇ 4.0 ಡ್ರೈವ್ ತಂದರೂ ಸೆಕೆಂಡಿಗೆ ಸುಮಾರು 3,500 ಎಂಬಿಗಿಂತ ಮೇಲೆ ಹೋಗುವುದಿಲ್ಲ. ಅದೇ ಸಾಕು; ಹಳೆ ಸಾಟಾ ಎಸ್‌ಎಸ್‌ಡಿ 550ಕ್ಕೆ ನಿಲ್ಲುತ್ತದೆ. ಕೈಯಲ್ಲಿರುವ ಪ್ರಾಜೆಕ್ಟ್ ಮತ್ತು ಕ್ಯಾಶ್ (ರಿಸಾಲ್ವ್‌ನ ತಾತ್ಕಾಲಿಕ ಫೈಲ್‌ಗಳು) ಮಾತ್ರ ಈ ಹೊಸ ಡ್ರೈವ್‌ನಲ್ಲಿ, ಮುಗಿದದ್ದು ಹಾರ್ಡ್‌ಡಿಸ್ಕ್‌ಗೆ. ರ್‍ಯಾಮ್ 16 ಜಿಬಿಯ ಜೋಡಿ, 3200 ವೇಗದ್ದು. ಜೋಡಿಯನ್ನು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಬೇಕು. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಬೇಕು. ಮಾಡದಿದ್ದರೆ ದುಡ್ಡು ಕೊಟ್ಟ ವೇಗ ಸಿಗುವುದೇ ಇಲ್ಲ, ಪಿಸಿ ಸುಮ್ನೆ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ನಾನು ಕೊಂಡದ್ದು 2025ರ ಆರಂಭದಲ್ಲಿ. ಆ ವರ್ಷದ ಕೊನೆಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ಎಲ್ಲೆಡೆ ಜಿಗಿಯಿತು. ಈಗ ಮಾಡುವವರು ಒಳ್ಳೆಯ ಸೆಕೆಂಡ್‌ಹ್ಯಾಂಡ್ ಡಿಡಿಆರ್4 ಹುಡುಕುವುದೇ ಮೇಲು.

ಪ್ರೊಸೆಸರ್‌ಗೆ ರೈಜನ್ 7 5700ಎಕ್ಸ್ ಆರಿಸಿದೆ. ಬರೀ ಗೇಮ್‌ಗಾದರೆ 5600 ಸಾಕಿತ್ತು. ಎಡಿಟಿಂಗ್‌ಗೆ ಎಂಟು ಕೋರ್ ನಿಜಕ್ಕೂ ಕೆಲಸಕ್ಕೆ ಬರುತ್ತವೆ, ವಿದ್ಯುತ್ ಮಿತಿಯೂ 65 ವ್ಯಾಟ್ ಅಷ್ಟೆ. ಇನ್ನೊಂದು ಕಾರಣವೂ ಇತ್ತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು, ವಿಂಡೋಸ್ 11ರ ಪಟ್ಟಿಯಲ್ಲಿ 1600 ಇಲ್ಲ. 5700ಎಕ್ಸ್ ಡಬ್ಬದಲ್ಲಿ ಕೂಲರ್ ಬರುವುದಿಲ್ಲ. 1600ರ ಜೊತೆ ಬಂದಿದ್ದ ಕೂಲರನ್ನೇ ಚೊಕ್ಕ ಮಾಡಿ, ಹೊಸ ಥರ್ಮಲ್ ಪೇಸ್ಟ್ (ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಹಚ್ಚಿ ಕೂರಿಸಿದೆ.

ಇಲ್ಲಿ ಎರಡು ಕಡೆ ಅವಸರ ಮಾಡಬಾರದು. ಒಂದು, ಬಯಾಸ್ ಅಪ್‌ಡೇಟ್. ಹಳೆ ಪ್ರೊಸೆಸರ್ ಇರುವಾಗಲೇ ಮುಗಿಸಬೇಕು. ಬೋರ್ಡ್ ಕಂಪನಿಯ ಪುಟದಲ್ಲಿ ನಿಮ್ಮ ಬೋರ್ಡ್‌ನ ರಿವಿಷನ್ ನೋಡಿ. ಕೆಲವಕ್ಕೆ ನಡುವಿನ ಒಂದು ಆವೃತ್ತಿ ಹಾಕಿಯೇ ಮುಂದೆ ಹೋಗಬೇಕು. ಬಯಾಸ್ ಫೈಲ್ ಹಾಕುವ ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿರಲಿ. ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಮೊದಲು ನಿಲ್ಲಿಸಿ, ಕೀ ಬರೆದಿಟ್ಟುಕೊಳ್ಳಿ. ಪಿಸಿ ಯುಪಿಎಸ್ ಮೇಲೆಯೇ ಇರಲಿ. ಬಯಾಸ್ ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಎರಡು, ಹಳೆ ಕೂಲರ್ ತೆಗೆಯುವುದು. ಎಎಂ4 ಪ್ರೊಸೆಸರ್‌ಗಳ ಪಿನ್‌ಗಳು ಪ್ರೊಸೆಸರ್‌ನಲ್ಲೇ ಇರುತ್ತವೆ. ಪೇಸ್ಟ್ ಒಣಗಿ ಗಟ್ಟಿಯಾಗಿದ್ದರೆ ಕೂಲರ್ ಎಳೆದಾಗ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಅದಕ್ಕೇ ಪಿಸಿಯನ್ನು ಸ್ವಲ್ಪ ಹೊತ್ತು ಭಾರದ ಕೆಲಸದಲ್ಲಿ ಓಡಿಸಿ ಬಿಸಿ ಮಾಡಿದೆ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಮೇಲಕ್ಕೆ ಎಳೆಯದೆ ಅತ್ತಿತ್ತ ಮೆಲ್ಲಗೆ ತಿರುಗಿಸಿದೆ. ಮುಚ್ಚಳದಂತೆ ಬಿಟ್ಟುಕೊಂಡಿತು.

ಕಾರ್ಡ್‌ಗೆ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದೆ. ಸೆಕೆಂಡ್‌ಹ್ಯಾಂಡ್ ಆರ್‌ಟಿಎಕ್ಸ್ 3060, 12 ಜಿಬಿಯದು. ಗೇಮ್‌ಗೆ ಮಾತ್ರ ನೋಡಿದರೆ ಅದಕ್ಕಿಂತ ಕಡಿಮೆಗೆ ಆರ್‌ಎಕ್ಸ್ 6600 ಚೆನ್ನಾಗಿತ್ತು. ಆದರೆ 4ಕೆ ಬಣ್ಣದ ಕೆಲಸಕ್ಕೆ ಆ 12 ಜಿಬಿ ಬೇಕೇ ಬೇಕು. ಇನ್ನೊಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. 6600, 4060ರಂಥ ಕಾರ್ಡ್‌ಗಳಿಗೆ ಎಂಟೇ ಪಿಸಿಐಇ ಲೇನ್. 4.0 ಬೋರ್ಡ್‌ಗೆ ಹೋಲಿಸಿದರೆ ನಮ್ಮಂಥ 3.0 ಬೋರ್ಡ್‌ನಲ್ಲಿ ಅವಕ್ಕೆ ಸಿಗುವ ದಾರಿ ಅರ್ಧವಾಗುತ್ತದೆ. 3060ಕ್ಕೆ ಹದಿನಾರೂ ಇವೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ದುಡಿಸಿ ಕ್ರಿಪ್ಟೋ ಹಣ ಗಳಿಸುವುದು) ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದಿವೆ. ಬಿಲ್ ಮತ್ತು ಸೀರಿಯಲ್ ನಂಬರ್ ಹೊಂದುತ್ತವಾ, ವಾರಂಟಿ ಉಳಿದಿದೆಯಾ ನೋಡಿ. ಕಾರ್ಡ್‌ಗೆ ಪೂರ್ತಿ ಭಾರ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ ಸಾಫ್ಟ್‌ವೇರನ್ನು ಎದುರಿಗೇ ಓಡಿಸಿ ಫ್ಯಾನ್ ಸದ್ದು ಕೇಳಿ, ಬಿಸಿ ಎಲ್ಲಿ ನಿಲ್ಲುತ್ತದೆ ನೋಡಿ. ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಒಬ್ಬರು ಒಪ್ಪಲಿಲ್ಲ, ಪಕ್ಕದವರು ಖುಷಿಯಿಂದ ಒಪ್ಪಿದರು.

1050 ಟಿಐ 75 ವ್ಯಾಟ್‌ನದು, ಬೋರ್ಡ್‌ನಿಂದಲೇ ಕರೆಂಟ್ ಪಡೆಯುತ್ತಿತ್ತು. 3060ಕ್ಕೆ 170 ವ್ಯಾಟ್, ಬೇರೆ ಕೇಬಲ್ ಬೇಕು. ಹಾಗಾಗಿ ಹಳೆ ಪವರ್ ಸಪ್ಲೈ ತೆಗೆದು 650 ವ್ಯಾಟ್‌ನ 80 ಪ್ಲಸ್ ಬ್ರಾಂಜ್ (ವಿದ್ಯುತ್ ಪೋಲು ಕಡಿಮೆ ಎಂಬ ದರ್ಜೆ) ಹೊಸದೇ ಕೊಂಡೆ. ಇದೊಂದನ್ನು ಸೆಕೆಂಡ್‌ಹ್ಯಾಂಡ್ ತಗೊಳ್ಳಬೇಡಿ. ಹಳೆ ಪ್ರೊಸೆಸರ್, ಕಾರ್ಡ್ ಮಾರಿದ ದುಡ್ಡು ಇದಕ್ಕೆ ಸಾಕಾಯಿತು.

ಈಗ ಎರಡು ಕ್ಯಾಮೆರಾಗಳ ನಡುವೆ ಕತ್ತರಿಸುವಾಗ ವಿಡಿಯೋ ತಡವರಿಸುವುದಿಲ್ಲ. ಬಣ್ಣದ ವೇಷಗಳ ಕೆಂಪು, ಕಪ್ಪು ಸರಿ ಮಾಡುತ್ತಾ ಹಾಗೇ ಓಡಿಸಿ ನೋಡಬಹುದು. ಉದ್ದದ ಆಟಗಳಿಗೆ ಈಗಲೂ ಪ್ರಾಕ್ಸಿ (ಎಡಿಟ್ ಮಾಡುವಾಗ ಬಳಸುವ, ವಿಡಿಯೋದ ಹಗುರ ನಕಲು) ಮಾಡಿಕೊಳ್ಳುತ್ತೇನೆ. ಅದಕ್ಕೆ ದುಡ್ಡು ಬೇಡ, ಕೆಲಸ ಇನ್ನೂ ಹಗುರ. ರಿಸಾಲ್ವ್‌ನ ಉಚಿತ ಆವೃತ್ತಿ 4ಕೆ ಯುಎಚ್‌ಡಿ ತನಕ ಕೊಡುತ್ತದೆ, ನನಗೆ ಅಷ್ಟು ಸಾಕು. ತಮ್ಮನೂ 1080ಪಿಯಲ್ಲಿ ಸೆಟ್ಟಿಂಗ್ ಏರಿಸಿಕೊಂಡೇ ಆಡುತ್ತಾನೆ.

ಉಳಿದಿರುವುದು ಯುಪಿಎಸ್. ಹಳೆಯದು 600 ವಿಎ, ಅಂದರೆ ಸುಮಾರು 360 ವ್ಯಾಟ್. ಗೇಮ್ ಭಾರಕ್ಕೆ ಮಾನಿಟರೂ ಸೇರಿದರೆ ಅಂಚಿಗೇ ಬರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಿಲ್ಲ ಅಲ್ವಾ. ಜೂನ್‌ಗೆ ಮೊದಲು 1000 ವಿಎಯದ್ದು ಹಾಕಿಸುತ್ತೇನೆ.