ಶಿವರಾತ್ರಿಯಿಂದ ಡಿಸೆಂಬರ್‌ವರೆಗೆ ಅವರೆ ಮುಟ್ಟಲ್ಲ

ಏಳೆಂಟು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಹತ್ತಿರವಿತ್ತು. ಮಾಗಡಿ ಕಡೆಯ ಒಳ್ಳೇ ನಾಟಿ ಅವರೆಕಾಯಿ ತಂದು, ಹಿತಕಿ, ಸಾರು ಮಾಡಿ ಬಾಯಿಗಿಟ್ಟೆ. ಏನೂ ಅನಿಸಲಿಲ್ಲ. ಸೊಗಡು ಇತ್ತು, ಕಾಯಿ ಸುಲಿದ ಬೆರಳು ಇನ್ನೂ ಅಂಟಂಟಾಗೇ ಇತ್ತು. ನಾಲಿಗೆಗೆ ಮಾತ್ರ ದಿನದ ಊಟದ ಹಾಗೇ ಇತ್ತು.

ಕಾರಣ ನಾನೇ. ನಮ್ಮ ಮೆಸ್ಸಿನಲ್ಲಿ ವರ್ಷಪೂರ್ತಿ ಹಿತಕಿದ ಬೇಳೆ ಸಾರು ಇರುತ್ತಿತ್ತು. ಎಲ್ಲಾ ಕಾಲದಲ್ಲೂ ಕಾಯಿ ಬಿಡೋ ಹೆಬ್ಬಾಳ ಅವರೆ ತಳಿ ಬಂದಮೇಲೆ ಬೇಸಿಗೆಯಲ್ಲೂ ಕಾಯಿ ಸಿಗುತ್ತೆ. ರೈತರಿಗೆ ಅದು ಅನುಕೂಲವೇ. ಆದರೆ ಚಳಿಗಾಲದ ಮಂಜು ಕುಡಿದ ಕಾಯಿಯ ಸೊಗಡು ಅದಕ್ಕಿಲ್ಲ.

ಹಾಗಾಗಿ ಸೀಸನ್ ಬಿಟ್ಟು ಉಳಿದ ದಿನ ಅವರೆ ಬೇಡ ಅಂತ ತೀರ್ಮಾನ ಮಾಡಿದೆ. ಪಕ್ಕದ ಹೋಟೆಲಿನವರು "ಗಿರಾಕಿ ನಮ್ಮ ಕಡೆ ಬರ್ತಾರೆ ಬಿಡಿ" ಅಂದರು. ನಮ್ಮನೆಯವಳೂ ಬೇಡ ಅಂದಳು.

ಮೊದಲು ಒಂದೇ ತಿಂಗಳು ಬಿಟ್ಟು ನೋಡಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಮರುವರ್ಷ ಬುದ್ಧಿ ಬೇರೆ ಕಡೆ ಹೋಯಿತು: ಸೊಗಡಿನ ಬೇಳೆಯನ್ನೇ ಕೂಡಿಟ್ಟರೆ ಹೇಗೆ? ಸೆಕೆಂಡ್ ಹ್ಯಾಂಡ್ ಫ್ರೀಜರ್‌ಗೆ 18,000 ಕೊಟ್ಟೆ. ಹಿತಕಿದ ಬೇಳೆ ಸುಮಾರು 40 ಕೆಜಿ, ಅದಕ್ಕೊಂದು 10,000. ಮೇ ತಿಂಗಳಲ್ಲಿ ತೆಗೆದರೆ ಬೇಳೆ ಬೆಂಡಾಗಿತ್ತು, ಘಮ ಹೋಗಿ ಐಸಿನ ವಾಸನೆ ಹಿಡಿದಿತ್ತು. ಅರ್ಧಕ್ಕರ್ಧ ಚೆಲ್ಲಿದೆ. ಆ ಬೇಜಾರು ಇನ್ನೂ ಇದೆ.

ನಡುವೆ ಮನೆಯಲ್ಲಿ ಕಡಲೆಕಾಯಿ ಮೇಲೂ ಪ್ರಯೋಗ ಮಾಡಿದೆ. ಕಾರ್ತಿಕದ ಕೊನೇ ಸೋಮವಾರ, ಬಸವನಗುಡಿ ಪರಿಷೆವರೆಗೆ ಬೇಯಿಸಿದ ಕಡಲೆಕಾಯಿ ತಿನ್ನಲ್ಲ ಅಂತ. ಪರಿಷೆ ದಿನ ಅಂಥ ಖುಷಿಯೇನೂ ಸಿಗಲಿಲ್ಲ. ಯಾಕೆ ಅಂತ ಆಮೇಲೆ ಹೊಳೆಯಿತು: ಬೀಜದ ಚಟ್ನಿ, ಒಗ್ಗರಣೆ ಬೀಜ ದಿನವೂ ಹೊಟ್ಟೆಗೆ ಹೋಗುತ್ತಲೇ ಇತ್ತು. ಬಿಟ್ಟರೆ ಪೂರ್ತಿ ಬಿಡಬೇಕು.

ಅಲ್ಲಿಂದ ಒಣ ಅವರೆಬೇಳೆ, ಕುರುಕಲು ಅವರೆ ಮಿಕ್ಸ್ಚರ್ ಎಲ್ಲಾ ಬಂದ್, ಮೆಸ್ಸಲ್ಲೂ ಮನೆಯಲ್ಲೂ. ಶಿವರಾತ್ರಿಗೆ ನಿಲ್ಲಿಸಿದರೆ ಡಿಸೆಂಬರ್ ನಡುವಿಗೇ ಮತ್ತೆ. ಮೊದಲ ವರ್ಷ ತಿಂಗಳಿಗೆ 12,000ದಷ್ಟು ವ್ಯಾಪಾರ ಬಿತ್ತು. ಜುಲೈ ಹೊತ್ತಿಗೆ ನನಗೇ ಧೈರ್ಯ ಕಡಿಮೆಯಾಗಿತ್ತು. ಆದರೂ ಹಿಡಿದ ಹಟ ಬಿಡಲಿಲ್ಲ.

ಈಗ ಕೇಳಿ. ನವೆಂಬರ್‌ನಿಂದಲೇ ಫೋನ್ ಶುರು, "ಸೊಗಡು ಬಂತೇನ್ರೀ?" ಅಂತ. ಮುಂಚೆ 80 ಊಟ ಹೋಗುತ್ತಿದ್ದ ಭಾನುವಾರ ಈಗ 180 ದಾಟುತ್ತೆ. 90 ರೂಪಾಯಿ ಊಟವನ್ನು ಆ ಎರಡು ತಿಂಗಳು 130 ಮಾಡಿದರೂ ಒಬ್ಬರೂ ಕೊಸರಾಡಲ್ಲ. ಹೋದ ಸಲ ನಷ್ಟವೆಲ್ಲ ತುಂಬಿ, ಮೇಲೆ 40,000 ಹತ್ತಿರ ಉಳಿಯಿತು. ನಮ್ಮ ಬೀದಿಯಲ್ಲಿ ಇಂಥ ಸಾರು ಇನ್ನೊಂದಿಲ್ಲ ಅಂತ ಎದೆ ತಟ್ಟಿ ಹೇಳ್ತೀನಿ. ಮಸಾಲೆಗೆ ಗಸಗಸೆ ಜೊತೆ ಏನು ಹಾಕ್ತೀನಿ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ. ಒಂದು ಹೇಳಬಲ್ಲೆ: ಮೊದಲ ಮೂರು ದಿನ ಕಮ್ಮಿ ಮಾಡಿ, ಒಂದು ಗಂಟೆಗೇ ಪಾತ್ರೆ ಖಾಲಿಯಾಗಲಿ.

ಹೋದ ಡಿಸೆಂಬರ್‌ನಲ್ಲಿ ಮೊದಲ ಪಾತ್ರೆ ಇಳಿಸಿದ ದಿನ ಬಾಗಿಲು ತೆಗೆಯೋ ಮುಂಚೆ ಅಡುಗೆಮನೆಯಲ್ಲೇ ತಟ್ಟೆ ಹಾಕಿಕೊಂಡು ಕೂತೆ. ಬಿಸಿ ಮುದ್ದೆ ಮುರಿದು ಸಾರಿಗೆ ಅದ್ದಿದೆ. ಘಮ ಮೂಗಿಗೆ ಬಡಿದಾಗ ಕಣ್ಣಲ್ಲಿ ನೀರು ಬಂತು. ನಮ್ಮನೆಯವಳು ಏನೂ ಮಾತಾಡದೆ ಇನ್ನೊಂದು ಮುದ್ದೆ ಬಡಿಸಿ, ತಾನೂ ತಟ್ಟೆ ತಂದು ಪಕ್ಕದಲ್ಲಿ ಕೂತಳು.