ಅಪ್ಪನ ಸೇನಾ ದಾಖಲೆಯ ನಕಲು ತರಿಸಿದ್ದು: ನನ್ನ ಅನುಭವ

ಅಮ್ಮನಿಗೆ 80 ತುಂಬುತ್ತಾ ಬಂದಾಗ ಈ ಕೆಲಸ ತಲೆಗೆ ಬಂತು. ಕುಟುಂಬ ಪಿಂಚಣಿ ತಗೊಳ್ಳುವವರಿಗೆ 80 ಆದ ಮೇಲೆ ಮೂಲ ಪಿಂಚಣಿಯ ಮೇಲೆ ಶೇ 20 ಜಾಸ್ತಿ ಸಿಗುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40. ಆದರೆ ಹೆಂಡತಿ ಹುಟ್ಟಿದ ದಿನಾಂಕ ಪಿಪಿಒದಲ್ಲಿ, ಅಂದರೆ ಪಿಂಚಣಿ ಆದೇಶದಲ್ಲಿ, ಇರಬೇಕು. ಅಮ್ಮನ ಪಿಪಿಒದಲ್ಲಿ ಆ ಜಾಗ ಖಾಲಿ. ಹೆಸರೂ ಹೊಂದುತ್ತಿರಲಿಲ್ಲ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಿಪಿಒದಲ್ಲಿ ಲಕ್ಷ್ಮೀದೇವಿ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅವರ ಕಾಲದಲ್ಲಿ ಸೇನೆಯವರು ಏನು ಬರೆದುಕೊಂಡಿದ್ದಾರೆ ಅಂತ ನೋಡದೆ ಮುಂದೆ ಹೋಗುವ ಹಾಗಿರಲಿಲ್ಲ.

ಅಪ್ಪ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಹವಾಲ್ದಾರ್ ಆಗಿದ್ದವರು. ಅವರ ಬಾಯಲ್ಲಿ ಅದು ಯಾವಾಗಲೂ ‘ಎಂಇಜಿ’. ಸಿಪಾಯಿಯಿಂದ ಜೆಸಿಒವರೆಗಿನವರ, ಅಂದರೆ ಸುಬೇದಾರ್ ದರ್ಜೆಗಳವರೆಗಿನವರ, ಕಡತಗಳು ದೆಹಲಿಯಲ್ಲಿ ಒಂದೇ ಕಡೆ ಇರುವುದಿಲ್ಲ. ಒಂದೊಂದು ರೆಜಿಮೆಂಟ್‌ಗೆ, ಕೋರ್‌ಗೆ ಅದರದೇ ರೆಕಾರ್ಡ್ಸ್, ಅಂದರೆ ದಾಖಲೆ ಕಚೇರಿ, ಇದೆ. ಎಂಇಜಿಯದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟ್‌ನದು ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್‌ನದು ಜಬಲ್‌ಪುರದಲ್ಲಿ, ಯಂತ್ರೋಪಕರಣ ರಿಪೇರಿ ನೋಡಿಕೊಳ್ಳುವ ಇಎಂಇಯದು ಸಿಕಂದರಾಬಾದ್‌ನಲ್ಲಿ, ತೋಪುಪಡೆಯದು ನಾಸಿಕ್ ರೋಡ್‌ನಲ್ಲಿ. ಆಫೀಸರ್‌ಗಳದು ಮಾತ್ರ ದೆಹಲಿಯ ಸೇನಾ ಮುಖ್ಯಾಲಯದ ಕೆಳಗೆ ಬರುತ್ತದೆ.

ಆ ಕಚೇರಿಗೆ ಹೆಸರಿಗಿಂತ ನಂಬರ್ ಮುಖ್ಯ. ನಮ್ಮ ಕಡೆಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹತ್ತು ಥರ ಬರೆಯಬಹುದು, ಇನಿಷಿಯಲ್ ಬಿಡಿಸಿದರೆ ಊರಿನ ಹೆಸರೇ ಮನೆತನದ ಹೆಸರಾಗಿಬಿಡುತ್ತದೆ. ನಂಬರ್ ಕೊಟ್ಟರೆ ಆ ಗೊಂದಲವೇ ಇಲ್ಲ. ಸರ್ವಿಸ್ ನಂಬರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇದ್ದರೆ ಅದನ್ನೂ ಬಿಡದೆ ಬರೆಯಿರಿ. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಹವಾಲ್ದಾರ್ ಇದ್ದವರು ನಾಯಬ್ ಸುಬೇದಾರ್ ಆಗಿ ಬಡ್ತಿ ಪಡೆದರೆ ‘ಜೆಸಿ’ ಅಂತ ಶುರುವಾಗುವ ಹೊಸ ನಂಬರ್ ಬರುತ್ತದೆ. ಅಂಥವರ ಮನೆಯವರು ಎರಡೂ ನಂಬರ್ ಬರೆಯಬೇಕು. ನಂಬರ್ ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್‌ನಲ್ಲಿರುತ್ತದೆ, ಪಿಪಿಒದಲ್ಲಿರುತ್ತದೆ. ಎರಡೂ ಇಲ್ಲದಿದ್ದರೆ ಕ್ಯಾಂಟೀನ್ ಕಾರ್ಡ್, ಹಳೇ ಪತ್ರಗಳು, ಟ್ರಂಕಿನ ಮೇಲೆ ಬಣ್ಣದಲ್ಲಿ ಬರೆದದ್ದು, ಎಲ್ಲವನ್ನೂ ನೋಡಿ.

ಅರ್ಜಿಯಲ್ಲಿ ಏನು ಕೇಳಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ‘ನಮ್ಮ ತಂದೆಯವರ ಸರ್ವಿಸ್ ರೆಕಾರ್ಡ್ ದಯಪಾಲಿಸಿ’ ಅಂತ ಬರೆದರೆ ಅಲ್ಲಿರುವ ಕ್ಲರ್ಕ್ ಏನು ಅಂತ ಕೊಡಬೇಕು? ಕಾಗದದ ಹೆಸರು ಹಿಡಿದು ಕೇಳಬೇಕು. ನಾನು ಕೇಳಿದ್ದು ಇಷ್ಟು: ಶೀಟ್ ರೋಲ್‌ನ (ಸೈನಿಕನ ಭರ್ತಿ, ಊರು, ಕುಟುಂಬದ ವಿವರ ಬರೆದಿಡುವ ಮುಖ್ಯ ದಾಖಲೆ) ಎಲ್ಲ ಪುಟಗಳು, ಮದುವೆ ಮತ್ತು ಮಕ್ಕಳ ಜನನದ ಪಾರ್ಟ್ ಟೂ ಆರ್ಡರ್‌ಗಳು, ಕುಟುಂಬ ಪಿಂಚಣಿಗೆ ಹೆಂಡತಿಯ ಹೆಸರು ಸೂಚಿಸಿದ ಕಾಗದ, ಡಿಸ್ಚಾರ್ಜ್ ಬುಕ್‌ನಲ್ಲಿ ಕುಟುಂಬದ ವಿವರ ಇರುವ ಪುಟ. ಯಾರಿಗಾದರೂ ಅಂಗವೈಕಲ್ಯ ಪಿಂಚಣಿಯ ವಿಷಯ ಇದ್ದರೆ, ಬಿಡುಗಡೆ ಹೊತ್ತಿನ ಮೆಡಿಕಲ್ ಬೋರ್ಡ್ ಕಾಗದಗಳನ್ನು ತಪ್ಪದೆ ಸೇರಿಸಿ.

ಪಾರ್ಟ್ ಟೂ ಆರ್ಡರ್ ಬಗ್ಗೆ ಎರಡು ಮಾತು. ಸೈನಿಕನ ಮದುವೆ ಆಯ್ತು, ಮಗು ಹುಟ್ಟಿತು, ಕೋರ್ಸ್ ಮುಗಿಸಿದ, ಬಡ್ತಿ ಬಂತು, ಎಲ್ಲವೂ ಈ ಆರ್ಡರ್‌ನಲ್ಲಿ ಪ್ರಕಟ ಆಗಬೇಕು. ಆಗದಿದ್ದರೆ ಸೇನೆಯ ಲೆಕ್ಕದಲ್ಲಿ ಆ ಮದುವೆ ಆಗಿಯೇ ಇಲ್ಲ! ರಜೆಯಲ್ಲಿ ಬಂದು ಮದುವೆ ಮಾಡಿಕೊಂಡು, ವಾಪಸ್ ಹೋಗಿ ಯೂನಿಟ್‌ನಲ್ಲಿ ಹೇಳದೇ ಇದ್ದವರ ಮನೆಯವರು ಇವತ್ತಿಗೂ ಒದ್ದಾಡುತ್ತಿದ್ದಾರೆ.

ಅರ್ಜಿಯನ್ನು ಅಮ್ಮನ ಹೆಸರಲ್ಲೇ ಹಾಕಿಸಿದೆ, ನನ್ನ ಹೆಸರಲ್ಲಲ್ಲ. ಕಡತದಲ್ಲಿ ವಾರಸುದಾರರು ಅಂತ ಇರುವುದು ಅವರು. ಮಗ, ಮೊಮ್ಮಗ ಕೇಳಿದರೆ ‘ಬೇರೆಯವರ ವೈಯಕ್ತಿಕ ಮಾಹಿತಿ’ ಅಂತ ಹೇಳಿ ಕಳಿಸಲು ಅವಕಾಶ ಜಾಸ್ತಿ. ಜೊತೆಗೆ ಅಪ್ಪನ ಮರಣ ಪ್ರಮಾಣಪತ್ರ, ಪಿಪಿಒ ನಕಲು, ಅಮ್ಮನ ಆಧಾರ್ ಇಟ್ಟೆ. ಇದೆಲ್ಲ ಇದ್ದರೆ ಮಾಮೂಲಿ ಪತ್ರಕ್ಕೂ ಉತ್ತರ ಬರುತ್ತದೆ ಅಂತ ಮಾಜಿ ಸೈನಿಕರ ಕೆಲಸ ನೋಡುವ ಸೈನಿಕ್ ಬೋರ್ಡ್‌ನಲ್ಲಿ ಹೇಳಿದ್ದರು. ನಾನು ಮಾತ್ರ ಮಾಹಿತಿ ಹಕ್ಕಿನಲ್ಲೇ ಹಾಕಿಸಿದೆ. ಅದಕ್ಕೆ 30 ದಿನದ ಗಡುವು ಇದೆ, ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ದಾರಿ ಇದೆ. ಅರ್ಜಿಗೆ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಕೇಂದ್ರ ಸರ್ಕಾರದ ಆರ್‌ಟಿಐ ಆನ್‌ಲೈನ್‌ನಲ್ಲೂ ಹಾಕಬಹುದು. ಅಂಚೆಯಲ್ಲಾದರೆ ಪೋಸ್ಟಲ್ ಆರ್ಡರ್ ಇಡಬೇಕು. ನಾನು ಅಂಚೆಯನ್ನೇ ಹಿಡಿದೆ, ಲಗತ್ತುಗಳು ಕೈಗೆ ಸಿಗುವಂತೆ ಹೋಗಲಿ ಅಂತ. ಕಾನೂನು ಪ್ರಕಾರ ಕನ್ನಡದಲ್ಲೂ ಬರೆಯಬಹುದು. ಆದರೆ ಅಲ್ಲಿ ಕೂತಿರುವವರು ದೇಶದ ನಾನಾ ಕಡೆಯವರು, ಸುಮ್ನೆ ಅನುವಾದಕ್ಕೆ ತಡ ಯಾಕೆ ಅಂತ ಇಂಗ್ಲಿಷಿನಲ್ಲೇ ಬರೆದೆ.

ಒಂದು ಎಚ್ಚರಿಕೆ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಇರುವ ಕಾಗದದ ನಕಲು ಮಾತ್ರ. ‘ನಮ್ಮಮ್ಮನ ಹೆಸರು ಯಾಕೆ ತಪ್ಪು ಬರೆದಿದ್ದೀರಿ’ ಅಂತಲೋ ‘ಸರಿಮಾಡಿ ಕೊಡಿ’ ಅಂತಲೋ ಅದರಲ್ಲಿ ಸೇರಿಸಿದರೆ ಉಪಯೋಗ ಇಲ್ಲ. ತಿದ್ದುಪಡಿಗೆ ಬೇರೆ ಅರ್ಜಿ.

ಮೊದಲು ಇಷ್ಟು ಪುಟ, ಇಷ್ಟು ರೂಪಾಯಿ ಕಳಿಸಿ ಅಂತ ಪತ್ರ ಬಂತು. ಹಣ ಕಳಿಸಿದ ಮೇಲೆ ದಪ್ಪ ಲಕೋಟೆ. ಶೀಟ್ ರೋಲ್ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಭರ್ತಿಯಾದಾಗಿನ ಎತ್ತರ, ಎದೆಯ ಸುತ್ತಳತೆ, ಗಲ್ಲದ ಮೇಲಿನ ಮಚ್ಚೆ. ಊರು, ಅಂಚೆ, ತಾಲ್ಲೂಕು ಆದ ಮೇಲೆ ಹತ್ತಿರದ ರೈಲ್ವೆ ಸ್ಟೇಷನ್ ಅಂತ ಒಂದು ಅಂಕಣ. ಅದರಲ್ಲಿ ‘ಅರಸೀಕೆರೆ’. ವಾರಸುದಾರರ ಜಾಗದಲ್ಲಿ ಮೊದಲು ಅಜ್ಜಿಯ ಹೆಸರು. ಅದನ್ನು ಒಂದು ಗೆರೆ ಹೊಡೆದು ಅಳಿಸಿ, ಬೇರೆ ಕೈಬರಹದಲ್ಲಿ ಅಮ್ಮನ ಹೆಸರು, ಪಕ್ಕದಲ್ಲಿ ಪಾರ್ಟ್ ಟೂ ಆರ್ಡರ್‌ನ ನಂಬರ್, ಒಂದು ಚಿಕ್ಕ ಸಹಿ. ಅಲ್ಲಿ ಇದ್ದದ್ದು ಲಕ್ಷ್ಮಮ್ಮ ಅಂತಲೇ! ಹುಟ್ಟಿದ ದಿನಾಂಕವೂ ಇತ್ತು. ಅಂದರೆ ಹೆಸರು ಬದಲಾಗಿದ್ದು ಆಮೇಲೆ, ಪಿಂಚಣಿ ಕಾಗದ ತಯಾರಾಗುವಾಗ. ಇದು ಗೊತ್ತಾದದ್ದೇ ದೊಡ್ಡ ಅನುಕೂಲ ಆಯ್ತು. ನಾವು ಹೊಸ ಹೆಸರು ಸೇರಿಸಿ ಅಂತ ಕೇಳಬೇಕಾಗಿರಲಿಲ್ಲ, ನಿಮ್ಮ ಕಡತದಲ್ಲಿ ಇರುವ ಹಾಗೆ ಪಿಪಿಒ ತಿದ್ದಿಸಿ ಅಂತ ಕೇಳಿದರೆ ಸಾಕಿತ್ತು. ಆ ಪುಟದ ನಕಲು, ಇಬ್ಬರೂ ಒಬ್ಬರೇ ಅನ್ನುವ ಅಫಿಡವಿಟ್ ಇಟ್ಟು ರೆಕಾರ್ಡ್ಸ್‌ಗೆ ಬರೆದೆವು. ಅವರಿಂದ ಪ್ರಯಾಗ್‌ರಾಜ್‌ನಲ್ಲಿರುವ ರಕ್ಷಣಾ ಪಿಂಚಣಿ ಲೆಕ್ಕದ ಕಚೇರಿ ಪಿಸಿಡಿಎಗೆ ಹೋಗಿ ತಿದ್ದಿದ ಪಿಪಿಒ ಬಂತು. ಈಗ ಎಲ್ಲ ರಕ್ಷಣಾ ಪಿಂಚಣಿಯ ‘ಸ್ಪರ್ಶ್’ ಆನ್‌ಲೈನ್ ವ್ಯವಸ್ಥೆಗೆ ಸೇರಿರುವುದರಿಂದ ಪಿಪಿಒ ಅಲ್ಲೇ ಲಾಗಿನ್ ಆಗಿ ನೋಡಬಹುದು. ಶೀಟ್ ರೋಲ್ ಮಾತ್ರ ಕೇಳಿಯೇ ತರಿಸಬೇಕು.

ಇದಾದ ಮೇಲೆ ದೊಡ್ಡಪ್ಪನ ಮಗ ಬಂದ. ದೊಡ್ಡಪ್ಪನೂ ಸೇನೆಯಲ್ಲಿದ್ದವರೇ, ಆದರೆ 15 ವರ್ಷ ತುಂಬುವ ಮೊದಲೇ ಬಿಟ್ಟು ಬಂದಿದ್ದರು. ಪಿಂಚಣಿ ಇಲ್ಲ, ಪಿಪಿಒ ಇಲ್ಲ. ಡಿಸ್ಚಾರ್ಜ್ ಬುಕ್ ಗೆದ್ದಲು ತಿಂದಿತ್ತು. ಮಾಜಿ ಸೈನಿಕರ ಲೆಕ್ಕದಲ್ಲಿ ಮಂಜೂರಾದ ಜಮೀನಿನ ಕಡತಕ್ಕೆ ಸೇವೆಯ ಪುರಾವೆ ಬೇಕಿತ್ತು. ಮನೆಯಲ್ಲಿ ಉಳಿದಿದ್ದು ಒಂದು ರಕ್ಷಾ ಮೆಡಲ್. ಅದರ ಅಂಚನ್ನು ಹುಣಸೆಹಣ್ಣಲ್ಲಿ ಉಜ್ಜಬೇಡಿ, ಒಣ ಬಟ್ಟೆಯಲ್ಲಿ ಒರೆಸಿ ಭೂತಗನ್ನಡಿ ಹಿಡಿಯಿರಿ. ನಂಬರ್, ದರ್ಜೆ, ಹೆಸರು, ರೆಜಿಮೆಂಟ್ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತಾರೆ. ಮದ್ರಾಸ್ ರೆಜಿಮೆಂಟ್ ಅಂತ ಅಲ್ಲೇ ಗೊತ್ತಾಯ್ತು.

ವೆಲಿಂಗ್ಟನ್‌ಗೆ ಬರೆಯುವಾಗ ಶೀಟ್ ರೋಲ್ ಕೇಳಲಿಲ್ಲ. ಪಿಂಚಣಿ ಇಲ್ಲದೆ ಬಿಟ್ಟವರ ಕಾಗದಗಳನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡುತ್ತಾರೆ, ಸೇನೆಯ ನಿಯಮದಲ್ಲೇ ಹಾಗಿದೆ. ಆದರೆ ‘ಲಾಂಗ್ ರೋಲ್’ ಅಂತ ಒಂದು ದೊಡ್ಡ ರಿಜಿಸ್ಟರ್ ಇರುತ್ತದೆ, ಅದನ್ನು ನಾಶ ಮಾಡುವುದಿಲ್ಲ. ಒಬ್ಬೊಬ್ಬ ಸೈನಿಕನಿಗೆ ಅದರಲ್ಲಿ ಒಂದೆರಡು ಸಾಲು. ಹಾಗಾಗಿ ‘ಕಡತ ನಾಶವಾಗಿದ್ದರೆ ಲಾಂಗ್ ರೋಲ್‌ನಲ್ಲಿರುವ ವಿವರದ ದೃಢೀಕೃತ ಪ್ರತಿ ಕೊಡಿ’ ಅಂತ ಅರ್ಜಿಯಲ್ಲೇ ಬರೆದೆವು. ಈ ಸಾಲು ಇಲ್ಲದಿದ್ದರೆ ‘ದಾಖಲೆ ಲಭ್ಯವಿಲ್ಲ’ ಅಂತ ಒಂದು ವಾಕ್ಯದ ಉತ್ತರ ಬಂದು ಕೆಲಸ ಅಲ್ಲಿಗೇ ನಿಲ್ಲಬಹುದು.

ಬಂದದ್ದು ಒಂದೇ ಹಾಳೆ. ನಂಬರ್, ಹೆಸರು, ಭರ್ತಿಯಾದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಕೆಳಗೆ ಮೊಹರು ಮತ್ತು ರುಜು. ಮೂಲ ಪ್ರತಿ ಮನೆಯಲ್ಲಿಟ್ಟು, ಜೆರಾಕ್ಸ್‌ಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ ತಾಲ್ಲೂಕು ಕಚೇರಿಗೆ ಕೊಡು ಅಂತ ಅಣ್ಣನಿಗೆ ಹೇಳಿದೆ. ಅವರು ಅದನ್ನು ಒಪ್ಪಿಕೊಂಡು ಕಡತಕ್ಕೆ ಸೇರಿಸಿದರು.