ನಾಲ್ಕು ಗಂಟೆಯ ತಿಂಡಿ: ಎಷ್ಟು ಬಡಿಸಬೇಕು, ಹೇಗೆ ಕೇಳಬೇಕು

ಮಧ್ಯಾಹ್ನ ಒಂದು ಗಂಟೆಗೆ ಊಟ ಮುಗಿಸಿ ರಾತ್ರಿ ಎಂಟೂವರೆಗೆ ಮತ್ತೆ ಎಲೆ ಹಾಕುವ ಮನೆಯಲ್ಲಿ ನಡುವೆ ಏಳೂವರೆ ಗಂಟೆಗಳ ಬಿಡುವಿರುತ್ತದೆ. ಉಂಡ ಅನ್ನ ಹೊಟ್ಟೆಯಿಂದ ಕೆಳಗಿಳಿಯಲು ಸಾಮಾನ್ಯವಾಗಿ ಮೂರು ನಾಲ್ಕು ಗಂಟೆ ಸಾಕಾಗುವುದರಿಂದ, ಸಂಜೆ ನಾಲ್ಕೂವರೆಯ ಹೊತ್ತಿಗೆ ಹಸಿವಾಗುವುದು ದೇಹದ ಸಹಜ ಬೇಡಿಕೆಯೇ ಹೊರತು ನಾಲಗೆಯ ಚಪಲವಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಮ್ಮ ಹಳೆ ಮೈಸೂರು ಕಡೆಯ ಮನೆಗಳಲ್ಲಿ ಕಾಫಿ ತಿಂಡಿಯ ಹೊತ್ತಿನಲ್ಲಿ ಬಂದ ನೆಂಟರು ಬೇಡವೆಂದರೂ ಬಿಡದೆ ಬಡಿಸುತ್ತೇವೆ. ಅದೇ ಹೊತ್ತಿನಲ್ಲಿ ಮನೆಯ ಹೆಣ್ಣುಮಗಳು ಎರಡನೆಯ ಸಲ ತಟ್ಟೆ ಮುಂದೆ ಹಿಡಿದರೆ ಅವಳತ್ತ ಒಮ್ಮೆ ನೋಡುತ್ತೇವೆ. ಎರಡೂ ಸಲ್ಲದು. ಅಳತೆಯನ್ನು ಅಡುಗೆಮನೆಯಲ್ಲಿ ನಾವು ಗೊತ್ತುಮಾಡಿಕೊಳ್ಳಬೇಕು, ಹಸಿವಿನ ನಿರ್ಣಯವನ್ನು ತಿನ್ನುವವರಿಗೇ ಬಿಡಬೇಕು ಎಂಬುದು ಬಹುಕಾಲದ ಬಡಿಸುವ ಕೆಲಸ ನನಗೆ ಕಲಿಸಿರುವ ಮಾತು.

ಅಳತೆಯ ವಿಷಯವನ್ನು ಮೊದಲು ನೋಡೋಣ. ಹೊಸದಾಗಿ ಸಂಸಾರ ಹೂಡಿದವರು ಬೆಳಗಿನ ತಿಂಡಿಯ ಅಂದಾಜಿನಲ್ಲೇ ಸಂಜೆಗೂ ಒಲೆ ಹಚ್ಚುವುದರಿಂದ ಪಾತ್ರೆಯಲ್ಲಿ ಅರ್ಧ ಉಳಿಯುತ್ತದೆ, ಅಥವಾ ಉಳಿಯಬಾರದೆಂದು ಎಲ್ಲರೂ ತಿಂದು ರಾತ್ರಿಯ ಸಾರು ಅನ್ನ ಯಾರಿಗೂ ಬೇಡವಾಗುತ್ತದೆ. ಬೆಳಿಗ್ಗೆ ಉಪ್ಪಿಟ್ಟಿಗೆ ತಲೆಗೆ 60ರಿಂದ 70 ಗ್ರಾಂ ರವೆ ಹಾಕುವ ಮನೆಯಲ್ಲಿ ಸಂಜೆಗೆ 35ರಿಂದ 40 ಗ್ರಾಂ ಹಾಕಿದರೆ ಸಾಕು. ಹಾಗೆಂದರೆ ನಾಲ್ಕು ಜನರಿಗೆ 150 ಗ್ರಾಂ ರವೆ, ಅದರ ಅಳತೆಗೆ ಎರಡೂವರೆ ಪಾಲು ನೀರು, ಒಂದು ಹಿಡಿ ಹುರುಳಿಕಾಯಿ, ಒಂದು ಕ್ಯಾರೆಟ್. ಗಟ್ಟಿ ಅವಲಕ್ಕಿಯಾದರೂ ತಲೆಗೆ ಅಷ್ಟೇ ತೂಕ. ನೆನೆದ ಮೇಲೆ ಅದು ಹಿಗ್ಗುವುದರಿಂದ ಒಣಗಿದ್ದಾಗ ಕಣ್ಣಿಗೆ ಕಡಿಮೆಯೆನಿಸಿದರೆ ಇನ್ನೊಂದು ಹಿಡಿ ಸುರಿಯಬಾರದು. ಕಡ್ಲೆಪುರಿಯ ಗುಣ ಬೇರೆ. ಅದು ತೂಕದಲ್ಲಿ ಹಗುರ, ನೋಟಕ್ಕೆ ಬಹಳ. 25 ಗ್ರಾಂ ಪುರಿಗೆ ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು, ಒಂದು ಚಮಚ ಹುರಿದ ಕಡಲೆಕಾಯಿ ಬೀಜ ಸೇರಿಸಿದರೆ ದೊಡ್ಡ ಬಟ್ಟಲು ತುಂಬುತ್ತದೆ, ತಿಂದವರಿಗೂ ತಿಂದೆವೆಂಬ ತೃಪ್ತಿ ಬರುತ್ತದೆ. ಬಾಯಾಡಿಸಲು ಹೆಚ್ಚು ಬೇಕೆನ್ನುವವರಿರುವ ಮನೆಗೆ ಇದಕ್ಕಿಂತ ಒಳ್ಳೆಯ ತಿಂಡಿ ನನಗೆ ಕಂಡಿಲ್ಲ.

ಕರಿದ ತಿಂಡಿಗಳಲ್ಲಿ ಎಣಿಕೆ ಇರಬೇಕು. ದೊಡ್ಡವರಿಗೆ ಎರಡು ಬಜ್ಜಿ, ಇಲ್ಲವೇ ಎರಡು ಚಕ್ಕುಲಿ, ಇಲ್ಲವೇ ಒಂದು ಮದ್ದೂರು ವಡೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು, ಅಷ್ಟನ್ನೇ ಡಬ್ಬಿಯಿಂದ ತೆಗೆದು ತಟ್ಟೆಗೆ ಹಾಕಿ ಮುಚ್ಚಳ ಹಾಕಬೇಕು. ಡಬ್ಬಿಯನ್ನೇ ಹಜಾರಕ್ಕೆ ತಂದಿಟ್ಟರೆ ಮಾತಿನ ಭರದಲ್ಲಿ ಕೈ ತಾನಾಗಿ ಒಳಗೆ ಹೋಗುತ್ತದೆ, ಎಷ್ಟು ತಿಂದೆವೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಬೇಕರಿಯಿಂದ ದಿಲ್‌ಪಸಂದ್ ತಂದರೆ ಅಡುಗೆಮನೆಯಲ್ಲೇ ಸಣ್ಣ ತುಂಡುಗಳಾಗಿ ಕತ್ತರಿಸಿ ತನ್ನಿ. ಬಿಸ್ಕತ್ತಿನ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ. ಅದು ಹಸಿವನ್ನು ತಣಿಸುವುದಿಲ್ಲ, ಮುಂದಕ್ಕೆ ಹಾಕುತ್ತದೆ ಅಷ್ಟೆ.

ಇಂಗ್ಲೆಂಡಿನವರ ಮಧ್ಯಾಹ್ನದ ಚಹಾ ಈಗ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲೂ ಮೂರಂತಸ್ತಿನ ತಟ್ಟೆಯಲ್ಲಿ ಬರುತ್ತದೆ. 1840ರ ಸುಮಾರಿಗೆ ಶ್ರೀಮಂತರ ಮನೆಗಳಲ್ಲಿ ರಾತ್ರಿಯ ಊಟ ತಡವಾಗುತ್ತ ಬಂದಾಗ, ನಡುವಿನ ನಿತ್ರಾಣ ತಡೆಯಲಾಗದೆ ಬೆಡ್‌ಫರ್ಡಿನ ಡಚೆಸ್ ಆಗಿದ್ದ ಅನ್ನಾ ತಮ್ಮ ಕೋಣೆಗೆ ಚಹಾ ಮತ್ತು ಬ್ರೆಡ್ಡು ಬೆಣ್ಣೆ ತರಿಸಿಕೊಳ್ಳತೊಡಗಿದರೆಂದೂ, ಆಮೇಲೆ ಗೆಳತಿಯರನ್ನು ಕರೆಯತೊಡಗಿದರೆಂದೂ ಅಲ್ಲಿಯವರು ಹೇಳಿಕೊಂಡು ಬಂದಿದ್ದಾರೆ. ಅಂಚು ತೆಗೆದು ಬೆರಳಿನಗಲಕ್ಕೆ ಕತ್ತರಿಸಿದ ಸೌತೆಕಾಯಿಯ ಸ್ಯಾಂಡ್‌ವಿಚ್, ಅಂಗೈಯಲ್ಲಿ ಅಡಗುವ ಸ್ಕೋನ್, ಎರಡು ತುತ್ತಿನ ಕೇಕು ಇವೆಲ್ಲ ಅಷ್ಟು ಸಣ್ಣಗಿರುವುದು ಮುಂದೆ ಊಟವಿದೆ ಎಂಬ ಕಾರಣಕ್ಕೆ ಹೊಂದುತ್ತದೆ. ಆ ಕಾಲದ ಅಲ್ಲಿನ ಸಭ್ಯತೆಯಲ್ಲಿ ಇನ್ನೊಂದು ಎಣಿಕೆಯೂ ಸೇರಿಕೊಂಡಿತ್ತು: ಕುಲೀನ ಹೆಂಗಸು ಹಸಿದವಳಂತೆ ಕಾಣಬಾರದು. ಸಣ್ಣ ತುಂಡುಗಳ ಜಾಣತನವನ್ನು ನಾವು ತೆಗೆದುಕೊಳ್ಳಬಹುದು. ಹೆಂಗಸಿನ ಹಸಿವನ್ನು ಮರೆಮಾಡಿಸುವ ಪಾಠವನ್ನು ಯಾರಿಂದಲೂ ಕಲಿಯಬೇಕಾಗಿಲ್ಲ, ಅದು ನಮ್ಮಲ್ಲೇ ಬೇಕಾದಷ್ಟಿದೆ.

ಹೆಣ್ಣು ನೋಡುವ ಶಾಸ್ತ್ರವನ್ನೇ ತೆಗೆದುಕೊಳ್ಳಿ. ಉಪ್ಪಿಟ್ಟು, ಕೇಸರಿಬಾತು, ಬಜ್ಜಿ ಎಂದು ಬೆಳಗಿನಿಂದ ಮನೆಯ ಹೆಂಗಸರೆಲ್ಲ ಒಲೆಯ ಮುಂದೆ ನಿಂತಿರುತ್ತಾರೆ. ಬಂದವರು ತಿಂದು ಹೊರಡುವವರೆಗೆ ಆ ಹುಡುಗಿಯ ಬಾಯಿಗೆ ಒಂದು ಗುಟುಕು ಕಾಫಿಯೂ ಬಿದ್ದಿರುವುದಿಲ್ಲ. ಮದುವೆಯಾಗಿ ಹೋದ ಮನೆಯಲ್ಲೂ ಎಲ್ಲರಿಗೂ ಬಡಿಸಿ, ಲೋಟಗಳನ್ನು ಒಳಗೆ ತೆಗೆದುಕೊಂಡು ಹೋಗಿ, ಪಾತ್ರೆಯ ತಳದಲ್ಲಿ ಉಳಿದಿರುವುದನ್ನು ನಿಂತುಕೊಂಡೇ ತಿನ್ನುವ ಸೊಸೆಯಂದಿರು ಇನ್ನೂ ಇದ್ದಾರೆ. ಉಳಿದಿರದಿದ್ದರೆ ಕಾಫಿ ಕುಡಿದು ಸುಮ್ಮನಾಗುತ್ತಾರೆ. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಂಥಲ್ಲಿ ಹರೆಯದ ಹುಡುಗಿ ಶಾಲೆಯಿಂದ ಬಂದು ಎರಡನೆಯ ಬಟ್ಟಲು ಗುಗ್ಗರಿ ಕೇಳಿದರೆ ಸಂತೋಷದಿಂದ ಬಡಿಸಬೇಕು. "ಇಷ್ಟೊಂದಾ?" ಎಂಬ ಒಂದೇ ಒಂದು ಮಾತು ಅವಳ ಮನಸ್ಸಿನಲ್ಲಿ ಎಷ್ಟು ವರ್ಷ ಉಳಿಯಬಲ್ಲದೆಂಬುದನ್ನು ಆಡುವವರು ಯೋಚಿಸುವುದಿಲ್ಲ. ಹುಡುಗ ಕೇಳಿದಾಗ "ಬೆಳೆಯೋ ಮಗು, ತಿನ್ನಲಿ" ಎನ್ನುವ ಬಾಯಿಯಿಂದಲೇ ಹುಡುಗಿಗೂ ಅದೇ ಮಾತು ಬರಬೇಕು.

ಹಾಗಾಗಿ ನನ್ನ ಮೊದಲ ಸಲಹೆ, ಬಡಿಸುವವರ ಪಾಲನ್ನು ಮೊದಲೇ ತೆಗೆದು ಮುಚ್ಚಿಡಬೇಕು ಎಂಬುದು. ಪಾತ್ರೆ ಒಲೆಯಿಂದ ಇಳಿದ ಕೂಡಲೇ, ಯಾರಿಗೂ ಬಡಿಸುವ ಮುನ್ನ, ಅಡುಗೆ ಮಾಡಿದವರಿಗೆ ಒಂದು ತಟ್ಟೆ, ಮನೆಗೆಲಸಕ್ಕೆ ಬರುವವರಿಗೆ ಒಂದು ತಟ್ಟೆ ಎತ್ತಿಡುವುದು ರೂಢಿಯಾಗಲಿ. ಕೆಲಸಕ್ಕೆ ಬರುವಾಕೆ ನಾಲ್ಕಾರು ಮನೆಗಳ ಪಾತ್ರೆ ತೊಳೆದು ನಮ್ಮಲ್ಲಿಗೆ ಬಂದಿರುತ್ತಾರೆ. ಕುಳಿತು ತಿನ್ನುವ ನಮಗಿಂತ ಅವರ ಮೈಗೆ ಹೆಚ್ಚು ಬೇಕು. ಅವರ ತಟ್ಟೆಗೆ ಬೀಳುವುದು ಇವತ್ತಿನ ತಿಂಡಿಯಾಗಿರಬೇಕು, ನಿನ್ನೆಯದಾಗಿರಬಾರದು.

ನೆಂಟರಿಗೆ ಬಡಿಸುವ ವಿಷಯ ಇದಕ್ಕಿಂತ ನಾಜೂಕು. ಬಂದವರು ಮೊದಲ ಸಲ "ಬೇಡ" ಎನ್ನುವುದು ನಮ್ಮಲ್ಲಿ ಮರ್ಯಾದೆಯ ಮಾತು, ಅದನ್ನು ಅಕ್ಷರಶಃ ತೆಗೆದುಕೊಂಡು ಸುಮ್ಮನಾದರೆ ಅವರು ಹಸಿದೇ ಹೋಗುತ್ತಾರೆ. ಎರಡನೆಯ ಸಲ, ಬೇರೆ ರೀತಿಯಲ್ಲಿ, ಅಳತೆಯನ್ನು ಅವರ ಕೈಗೇ ಕೊಟ್ಟು ಕೇಳಬೇಕು: "ಅರ್ಧ ಸೌಟು ಹಾಕಲೇ, ಸಾಕೆಂದಾಗ ಹೇಳಿ" ಎಂದರೆ ಸಂಕೋಚವೂ ಮುರಿಯುತ್ತದೆ, ಬಲವಂತವೂ ಆಗುವುದಿಲ್ಲ. ಆಮೇಲೂ ಬೇಡವೆಂದರೆ ಅದು ನಿಜವಾದ ಬೇಡ. ಮೂರನೆಯ ಸಲ ಕೇಳುವುದು ಉಪಚಾರವಲ್ಲ. "ನಾವು ಮಾಡಿದ್ದು ರುಚಿಯಾಗಲಿಲ್ಲವೇನೋ" ಎಂದು ಹಂಗಿಸಿ ತಿನ್ನಿಸುವವರಿಗೆ, ಎದುರಿಗಿರುವವರು ಅದೇ ಸಂಜೆ ಇನ್ನೆರಡು ಮನೆಗಳಿಗೆ ಹೋಗಬೇಕಾಗಿದೆಯೋ, ವೈದ್ಯರು ಎಣ್ಣೆ ತುಪ್ಪ ಬಿಡಿಸಿದ್ದಾರೆಯೋ ಎಂಬುದು ತಿಳಿದಿರುವುದಿಲ್ಲ, ಅವರು ಅದನ್ನು ಎಲ್ಲರ ಮುಂದೆ ಹೇಳಿಕೊಳ್ಳಬೇಕಾದ ಅಗತ್ಯವೂ ಇಲ್ಲ. ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು, ಅವರು ಸುಧಾರಿಸಿಕೊಂಡ ಮೇಲೆ ತಿಂಡಿಯ ಮಾತೆತ್ತುವ ಪದ್ಧತಿ ನನಗೆ ಬಹಳ ಇಷ್ಟ. ಬಿಸಿಲಿನಲ್ಲಿ ಬಂದವರಿಗೆ ಬಾಯಾರಿಕೆ ಯಾವುದು, ಹಸಿವು ಯಾವುದು ಎಂಬುದು ಆ ಹತ್ತು ನಿಮಿಷಗಳಲ್ಲಿ ಅವರಿಗೇ ಸ್ಪಷ್ಟವಾಗುತ್ತದೆ.

ಮೊದಲು ಸ್ವಲ್ಪವೇ ಬಡಿಸಿ ಆಮೇಲೆ ಕೇಳುವುದರಲ್ಲಿ ಇನ್ನೊಂದು ಅನುಕೂಲವಿದೆ. ಎಂಜಲಾದ ತಟ್ಟೆಯದು ಮತ್ತೊಬ್ಬರಿಗೆ ಸಲ್ಲದು, ಪಾತ್ರೆಯಲ್ಲಿ ಇರುವುದು ಸಲ್ಲುತ್ತದೆ. ಆದ್ದರಿಂದ ಸಂಜೆಗೆ ಊಟದ ತಟ್ಟೆಗಳನ್ನು ತೆಗೆಯದೆ, ಅಂಗೈ ಅಗಲದ ಸಣ್ಣ ತಟ್ಟೆಗಳನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಮೇಲು. ಉಪ್ಪಿಟ್ಟು ಕೇಸರಿಬಾತು ಎರಡೂ ಇದ್ದ ದಿನ ಎರಡನ್ನೂ ಪೂರ್ತಿ ಬಡಿಸಬಾರದು. ಹೋಟೆಲಿನ ಚೌಚೌಬಾತಿನ ಹಾಗೆ ಪಕ್ಕಪಕ್ಕದಲ್ಲಿ ಸಣ್ಣದಾಗಿ ಒಂದೊಂದು ಸೌಟು, ಅದರಲ್ಲೂ ಸಿಹಿಯದು ಖಾರದ್ದರ ಅರ್ಧ.

"ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ" ಎಂಬ ಗಾದೆಯನ್ನು ಸಂಜೆಯ ತಿಂಡಿಯ ಹೊತ್ತಿಗೇ ನೆನಪಿಸುವ ಹಿರಿಯರು ಕೆಲವರಿದ್ದಾರೆ. ನಾನು ಆ ಗಾದೆಯನ್ನು ಒಪ್ಪುವುದಿಲ್ಲ. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಹೊಲ ತೋಟಗಳಲ್ಲಿ ಮೈ ಮುರಿದು ದುಡಿದವರಿಗೆ ಅದನ್ನು ಹೇಳುವುದು ಅನ್ಯಾಯ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಹೊತ್ತು ಮೀರಿ ಹಸಿದಿದ್ದರೆ ರಕ್ತದ ಸಕ್ಕರೆ ತೀರ ಇಳಿದು ಬೆವರು, ನಡುಕ, ಮಂಪರು ಬರುವುದುಂಟು; ಅಂಥವರಿಗೆ ನಾಲ್ಕು ಗಂಟೆಯ ಒಂದು ಬಟ್ಟಲು ಹೆಸರುಕಾಳಿನ ಉಸಲಿ ಔಷಧದಷ್ಟೇ ಮುಖ್ಯ. ವಯಸ್ಸಾದವರಲ್ಲಿ ಹಸಿವೂ ಬಾಯಾರಿಕೆಯೂ ಮಂದವಾಗುವುದರಿಂದ "ನನಗೇನೂ ಬೇಡ" ಎಂಬ ಅವರ ಮಾತನ್ನು ನಂಬಿ ಕುಳಿತರೆ ಮೈ ಸೊರಗುತ್ತದೆ. ಅವರಿಗೆ ಚಕ್ಕುಲಿ ಕೋಡುಬಳೆ ಕೊಟ್ಟು ಹಲ್ಲಿಗೆ ಕಷ್ಟ ಮಾಡದೆ, ತೆಳು ಅವಲಕ್ಕಿಗೆ ಮೊಸರು ಕಲಸಿ ಒಂದು ಒಗ್ಗರಣೆ ಹಾಕಿ, ನಾವೂ ಪಕ್ಕದಲ್ಲಿ ಕುಳಿತು ತಿನ್ನಬೇಕು. ಜೊತೆಯಿದ್ದರೆ ನಾಲ್ಕು ತುತ್ತು ಹೆಚ್ಚು ಇಳಿಯುತ್ತದೆ.

ಶಾಲೆಯಿಂದ ಬಂದ ಮಕ್ಕಳಿಗೆ ರಾಗಿ ಹುರಿಹಿಟ್ಟನ್ನು ಹಾಲು ಬೆಲ್ಲದಲ್ಲಿ ಕಲಸಿ ಕೊಟ್ಟರೆ ರಾತ್ರಿಯವರೆಗೂ ತಡೆಯುತ್ತದೆ. ಮಗು ತಟ್ಟೆಯಲ್ಲಿ ಬಿಟ್ಟರೆ ಬಲವಂತವಾಗಿ ಬಾಯಿಗಿಡಬೇಡಿ, ಬಿಟ್ಟದ್ದಕ್ಕೆ ಬದಲಾಗಿ ಚಾಕಲೇಟನ್ನೂ ಕೊಡಬೇಡಿ. ಅಜ್ಜಿ ತಾತಂದಿರು ಈ ಎರಡನೆಯದನ್ನು ಪಾಲಿಸುವುದು ಕಷ್ಟವೆಂದು ನನಗೆ ಗೊತ್ತು, ಆದರೂ ಪಾಲಿಸಬೇಕು.

ಇನ್ನು ಕಾಫಿ. ಬೆಂಗಳೂರಿನ ಹೋಟೆಲುಗಳಲ್ಲಿ ಇಬ್ಬರು ಗೆಳೆಯರು ಒಂದು ಕಾಫಿಯನ್ನು ಬೈಟು ಮಾಡಿ ಕುಡಿಯುವುದನ್ನು ಯಾರೂ ಜಿಪುಣತನವೆಂದು ಎಣಿಸುವುದಿಲ್ಲ. ಎರಡು ಲೋಟಕ್ಕೆ ಅರ್ಧರ್ಧ ಹಂಚಿ ಸ್ನೇಹವನ್ನೂ ಮಿತಿಯನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಆ ಪದ್ಧತಿ ಮನೆಯಲ್ಲೂ ಇರಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಡನೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಂತೆ 150 ಮಿಲಿಲೀಟರ್ ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ, ದಿನಕ್ಕೆ 300 ಮಿಲಿಗ್ರಾಂ ದಾಟಬಾರದು. ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ಆಮೇಲೂ ಇವೆರಡನ್ನೂ ಬಿಡಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ, ಏಕೆಂದರೆ ಇವುಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣದಂಶವನ್ನು ಹಿಡಿದಿಟ್ಟು ಮೈಗೆ ಸೇರಗೊಡುವುದಿಲ್ಲ. ನಾಲ್ಕು ಗಂಟೆಯ ಕಾಫಿ ಎರಡೂ ಊಟಗಳಿಂದ ದೂರವಿರುವುದರಿಂದ ಅದಕ್ಕೆ ತೊಂದರೆಯಿಲ್ಲ. ಆರೂವರೆಗೆ "ಇನ್ನರ್ಧ ಲೋಟ" ಎನ್ನುವವರಿಗೆ ನಿದ್ರೆಯೂ ಕೆಡುತ್ತದೆ. ಅವರಿಗೆ ಕೊತ್ತಂಬರಿ ಜೀರಿಗೆಯ ಕಷಾಯ ಮಾಡಿಕೊಡಿ. ಹಸಿವಾದಾಗ ತಿಂಡಿಗೆ ಬದಲಾಗಿ ಕಾಫಿಯನ್ನೇ ಕುಡಿದು ಹೊಟ್ಟೆ ಸುಮ್ಮನಾಗಿಸುವ ಅಭ್ಯಾಸವನ್ನಂತೂ ಹೆಂಗಸರು ಬಿಡಲೇಬೇಕು. ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 10 ಗ್ರಾಂ. ಅಂಥ ಮೂರು ಲೋಟ ಕುಡಿದರೆ, ದಿನಕ್ಕೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಅಲ್ಲಿಗೇ ಮೀರಿಹೋಗುತ್ತದೆ.

ಎಷ್ಟು ಲೆಕ್ಕ ಹಾಕಿದರೂ ಕೆಲವು ದಿನ ಉಳಿಯುತ್ತದೆ, ಕೆಲವು ದಿನ ಹೇಳದೆ ಬಂದವರಿಂದ ಸಾಲದೆ ಹೋಗುತ್ತದೆ. ಸಾಲದ ದಿನಕ್ಕಾಗಿ ಹುರಿದ ರವೆಯ ಒಂದು ಡಬ್ಬಿ, ಗೊಜ್ಜವಲಕ್ಕಿಯ ಪುಡಿ, ಗಾಳಿಯಾಡದ ಡಬ್ಬಿಯಲ್ಲಿ ಒಗ್ಗರಣೆ ಹಾಕಿದ ಕಡ್ಲೆಪುರಿ ಇದ್ದರೆ ಹತ್ತು ನಿಮಿಷದಲ್ಲಿ ಇನ್ನೂ ನಾಲ್ಕು ಜನರಿಗೆ ತಟ್ಟೆ ಸಿದ್ಧವಾಗುತ್ತದೆ. ಉಳಿದ ಉಪ್ಪಿಟ್ಟನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಸ್ವಲ್ಪ ಅಕ್ಕಿ ಹಿಟ್ಟು ಬೆರೆಸಿ ತಟ್ಟಿ ಕಾವಲಿಯ ಮೇಲೆ ಎರಡೂ ಕಡೆ ಬೇಯಿಸಿದರೆ ಬೇರೆಯದೇ ತಿಂಡಿಯಾಗುತ್ತದೆ. ಸಂಜೆಯ ತಿಂಡಿ ಹೆಚ್ಚಾದ ದಿನ ರಾತ್ರಿಗೆ ಅಕ್ಕಿ ತೊಳೆಯುವ ಮುನ್ನ ಮನೆಯವರನ್ನು ಒಮ್ಮೆ ಕೇಳಿ ಅರ್ಧ ಲೋಟ ಕಡಿಮೆ ಇಡಿ, ಕೇಳುವಾಗ ಯಾರು ಎಷ್ಟು ತಿಂದರೆಂಬುದನ್ನು ಎತ್ತದೆ, "ರಾತ್ರಿಗೆ ಅನ್ನ ಯಾರ್‍ಯಾರಿಗೆ ಬೇಕು?" ಎಂದಷ್ಟೇ ಕೇಳಿ.